ಟೋಪಿ ಹಾಕಿದ ಕರಡಿ: ಕಾಡು ಕಾಯೋ ಮ್ಯಾಸ್ಕಾಟ್‌ಗಳ ಕತೆ

ಹುಣಸೂರು ಮೇಷ್ಟ್ರು:
ಎಲ್ಲರಿಗೂ ನಮಸ್ಕಾರ. ನಮ್ಮ ಶಾಲೆ ನಾಗರಹೊಳೆ ಕಾಡಿನ ಅಂಚಿನಲ್ಲಿದೆ. ಬೇಸಿಗೆಗೆ ಮುಂಚೆ ಕಾಡ್ಗಿಚ್ಚಿನ ಬಗ್ಗೆ ಚಿತ್ರ ಬಿಡಿಸುವ ಸ್ಪರ್ಧೆ ಇಟ್ಟಿದ್ದೆವು. ಬಂದ ಚಿತ್ರಗಳಲ್ಲಿ ಅರ್ಧಕ್ಕರ್ಧ ಒಂದೇ ಕರಡಿ! ಅಗಲ ಅಂಚಿನ ಟೋಪಿ, ನೀಲಿ ಪ್ಯಾಂಟು, ಕೈಯಲ್ಲಿ ಸಲಿಕೆ. ನಮ್ಮ ಕಾಡಿನ ಕರಡಿ ಹಾಗಿರಲ್ಲ. ಉದ್ದ ಮೂತಿ, ಜೊಂಪೆ ಕೂದಲು, ಎದೆ ಮೇಲೆ ಬಿಳಿ ಗುರುತು. ಮಕ್ಕಳು ಮೊಬೈಲ್‌ನಲ್ಲಿ ನೋಡಿಕೊಂಡು ಬಿಡಿಸಿದ್ದಾರೆ.

ಈ ಕರಡಿ ಎಲ್ಲಿಂದ ಬಂತು? ಬೇರೆ ದೇಶಗಳಲ್ಲೂ ಇಂಥ ಮ್ಯಾಸ್ಕಾಟ್‌ಗಳು, ಅಂದರೆ ಪ್ರಚಾರಕ್ಕೆ ಗುರುತಾಗಿ ಮಾಡಿದ ಪಾತ್ರಗಳು, ಇವೆಯಾ? ಇವುಗಳಿಂದ ಕಾಡಿಗೆ ನಿಜವಾಗಿ ಏನಾದರೂ ಉಪಯೋಗ ಆಗಿದೆಯಾ, ಇಲ್ಲ ಬರೀ ಪೋಸ್ಟರ್‌ಗೆ ಚೆಂದವಾ? ತಿಳಿದವರು ಹೇಳಿ.

ಹಳೇಪೋಸ್ಟರ್:
ಮೇಷ್ಟ್ರೇ, ಅದು ಸ್ಮೋಕಿ ಬೇರ್. ಅಮೆರಿಕದ ಅರಣ್ಯ ಸೇವೆಯವರ ಕರಡಿ. ಹುಟ್ಟಿದ ದಿನ 1944ರ ಆಗಸ್ಟ್ 9 ಅಂತ ಅವರೇ ಲೆಕ್ಕ ಇಟ್ಟಿದ್ದಾರೆ. ಕಾಡಿನ ಮೇಲಿನ ಪ್ರೀತಿಯಿಂದ ಹುಟ್ಟಿತು ಅಂದುಕೊಳ್ಳಬೇಡಿ. ಹುಟ್ಟಿಸಿದ್ದು ಯುದ್ಧದ ಭಯ.

1942ರ ಫೆಬ್ರವರಿ 23ರಂದು ಜಪಾನಿನ ಒಂದು ಸಬ್‌ಮರೀನ್ ಕ್ಯಾಲಿಫೋರ್ನಿಯಾದ ಸಾಂಟಾ ಬಾರ್ಬರಾ ಹತ್ತಿರ ಎಲ್‌ವುಡ್ ಎಣ್ಣೆ ಬಾವಿಗಳ ಮೇಲೆ ಶೆಲ್ ಹಾರಿಸಿತು. ಹಾನಿ ಅಷ್ಟೇನೂ ಆಗಲಿಲ್ಲ. ಆದರೆ ಲಾಸ್ ಪಾಡ್ರೆಸ್ ರಾಷ್ಟ್ರೀಯ ಅರಣ್ಯ ಅಲ್ಲಿಂದ ದೂರವಿಲ್ಲ. ಒಂದು ಶೆಲ್ ಅಲ್ಲಿಗೆ ಬಿದ್ದಿದ್ದರೆ? ಬೆಂಕಿ ಆರಿಸುವ ವಯಸ್ಸಿನ ಗಂಡಸರೆಲ್ಲ ಸೈನ್ಯಕ್ಕೆ ಹೋಗಿದ್ದರು. ಇತ್ತ ಯುದ್ಧದ ಕೆಲಸಕ್ಕೆ ಮರ ರಾಶಿ ರಾಶಿ ಬೇಕಿತ್ತು. ಜನ ತಾವಾಗೇ ಎಚ್ಚರವಾಗಿರುವಂತೆ ಮಾಡುವುದು ಬಿಟ್ಟು ಬೇರೆ ದಾರಿ ಇರಲಿಲ್ಲ. ಅರಣ್ಯ ಸೇವೆ ಜಾಹೀರಾತಿನವರ ಬಾಗಿಲಿಗೆ ಹೋಯಿತು. ಮೊದಮೊದಲ ಪೋಸ್ಟರ್‌ಗಳು ಹೆದರಿಸುವಂಥವು. ನಿಮ್ಮ ಕೈಯ ಬೆಂಕಿಕಡ್ಡಿ ಶತ್ರುವಿಗೆ ಸಹಾಯ ಮಾಡುತ್ತೆ ಅನ್ನೋ ಧಾಟಿ.

ಆಮೇಲೆ ಯಾರಿಗೋ ಬುದ್ಧಿ ಬಂತು. ಡಿಸ್ನಿಯವರ ಬ್ಯಾಂಬಿ ಸಿನಿಮಾ 1942ರಲ್ಲಿ ಬಂದಿತ್ತು, ಅದರಲ್ಲಿ ಕಾಡ್ಗಿಚ್ಚು ಬರುತ್ತೆ. 1944ರ ಪೋಸ್ಟರ್‌ಗೆ ಆ ಜಿಂಕೆಮರಿಯನ್ನು ಒಂದು ವರ್ಷದ ಮಟ್ಟಿಗೆ ಎರವಲು ಕೊಟ್ಟರು. ಜನ ಮೆಚ್ಚಿದರು. ವರ್ಷ ಮುಗಿದ ಮೇಲೆ ಎರವಲು ವಾಪಸ್. ಪ್ರಾಣಿ ಇದ್ದರೆ ಜನ ನಿಂತು ನೋಡುತ್ತಾರೆ ಅಂತ ಅಷ್ಟರಲ್ಲಿ ಗೊತ್ತಾಗಿತ್ತು. ಹಾಗಾಗಿ ತಮ್ಮದೇ ಒಂದು ಪ್ರಾಣಿ ಬೇಕಾಯಿತು.

ಕರಡಿ ಹೇಗಿರಬೇಕು ಅಂತ ಬರೆದಿಟ್ಟ ಪತ್ರ ನನಗೆ ಬಹಳ ಇಷ್ಟ. ಮೂಗು ಮೋಟಾಗಿರಲಿ, ಬಣ್ಣ ಕಪ್ಪು ಅಥವಾ ಕಂದು, ಮುಖ ನೋಡಿದರೆ ಮುದ್ದು ಬರಬೇಕು, ತಿಳಿವಳಿಕೆ ಇರುವ ಹಾಗೆ ಕಾಣಬೇಕು, ಜೊತೆಗೆ ಸ್ವಲ್ಪ ಕುತೂಹಲ. ತಲೆ ಮೇಲೆ ಸ್ಕೌಟ್ ಟೋಪಿಯಂಥದ್ದು ಇದ್ದರೆ ಒಳ್ಳೆಯದು. ವಧು ಬೇಕಾಗಿದ್ದಾಳೆ ಜಾಹೀರಾತಿನಷ್ಟೇ ವಿವರ! ಚಿತ್ರ ಬಿಡಿಸಿದವರು ಆಲ್ಬರ್ಟ್ ಸ್ಟೇಲಿ. ಮೊದಲ ಪೋಸ್ಟರಿನಲ್ಲಿ ಕರಡಿ ಕ್ಯಾಂಪಿನ ಬೆಂಕಿ ಮೇಲೆ ಬಕೆಟ್ ನೀರು ಸುರಿಯುತ್ತಿದೆ. ಹೆಸರು ನ್ಯೂಯಾರ್ಕ್ ಅಗ್ನಿಶಾಮಕ ದಳದ 'ಸ್ಮೋಕಿ' ಜೋ ಮಾರ್ಟಿನ್ ಅವರಿಂದ ಬಂದದ್ದು. 1922ರಲ್ಲಿ ಜನರನ್ನು ಉಳಿಸಲು ಹೋಗಿ ಸುಟ್ಟಗಾಯ ಮಾಡಿಕೊಂಡು ಕಣ್ಣಿಗೂ ಪೆಟ್ಟು ತಿಂದವರು ಅವರು. 'ಕಾಡ್ಗಿಚ್ಚು ತಡೆಯಲು ನಿಮ್ಮಿಂದ ಮಾತ್ರ ಸಾಧ್ಯ' ಅನ್ನೋ ಪ್ರಸಿದ್ಧ ಸಾಲು 1947ರದ್ದು.

ಉಡುಪಿ ಪಿಲಿ:
ನಮ್ಮಲ್ಲಿ ಕರಡಿ ಬರೋದು ಶಿವಪೂಜೆ ಮಧ್ಯದಲ್ಲಿ ಮಾತ್ರ 😄 ಅಮೆರಿಕದವರು ಅದನ್ನೇ ಬುದ್ಧಿ ಹೇಳೋಕೆ ಕೂರಿಸಿದ್ದಾರೆ ನೋಡಿ. ಅಣ್ಣ, ಕರಡಿಗಿಂತ ಮುಂಚೆ ಏನೂ ಇರಲಿಲ್ವಾ?

ಹಳೇಪೋಸ್ಟರ್:
ಇತ್ತು, ಆದರೆ ಮನುಷ್ಯರು. 1937ರಲ್ಲಿ ಅಂಕಲ್ ಸ್ಯಾಮ್‌ಗೆ, ಅಂದರೆ ಅಮೆರಿಕ ಸರ್ಕಾರದ ಗುರುತಾದ ಗಡ್ಡದ ಮುದುಕನಿಗೆ, ಫಾರೆಸ್ಟ್ ರೇಂಜರ್ ಬಟ್ಟೆ ಹಾಕಿ, ಉರಿಯುತ್ತಿರುವ ಕಾಡಿನ ಕಡೆ ಕೈ ತೋರಿಸುವ ಪೋಸ್ಟರ್ ಬಂತು. ಕಾಡು ನಿಮ್ಮದು, ತಪ್ಪು ನಿಮ್ಮದು, ನಷ್ಟವೂ ನಿಮ್ಮದು ಅಂತ ಬೈಗುಳ. ಬೈದರೆ ಯಾರು ಕೇಳುತ್ತಾರೆ? ಅದಕ್ಕೂ ಮುಂಚೆ, 1920ರ ದಶಕದ ಕೊನೆಯಲ್ಲಿ, 'ಡಿಕ್ಸಿ ಕ್ರುಸೇಡರ್ಸ್' ಅಂತ ಯುವಕರ ತಂಡ ಜಾರ್ಜಿಯಾ, ಫ್ಲೋರಿಡಾ, ಮಿಸಿಸಿಪ್ಪಿ ಕಡೆಯ ಹಳ್ಳಿಗಳಿಗೆ ಲಾರಿಯಲ್ಲಿ ಪ್ರೊಜೆಕ್ಟರ್ ಹೇರಿಕೊಂಡು ಹೋಗಿ ಸಿನಿಮಾ ತೋರಿಸುತ್ತಿತ್ತು. ಅಲ್ಲಿನ ರೈತರು ದನಕ್ಕೆ ಹೊಸ ಹುಲ್ಲು ಬರಲಿ ಅಂತ ಪ್ರತಿ ವರ್ಷ ಕಾಡಿಗೆ ಬೆಂಕಿ ಕೊಡುತ್ತಿದ್ದರು. ಅದನ್ನು ಬಿಡಿಸುವುದು ಉದ್ದೇಶ. ಜನ ಸಿನಿಮಾ ನೋಡೋಕೆ ಬರುತ್ತಿದ್ದರು, ಭಾಷಣ ಪುಕ್ಕಟೆ.

ಕ್ಯಾಲಿಫೋರ್ನಿಯಾ ಕನ್ನಡಿಗ:
ಪೋಸ್ಟರಿನ ಕರಡಿಗೆ ಜೀವ ಬಂದ ಕತೆಯನ್ನೂ ಸೇರಿಸುತ್ತೇನೆ. 1950ರ ಮೇ ತಿಂಗಳಲ್ಲಿ ನ್ಯೂ ಮೆಕ್ಸಿಕೋದ ಕ್ಯಾಪಿಟಾನ್ ಬೆಟ್ಟಗಳಲ್ಲಿ ದೊಡ್ಡ ಬೆಂಕಿ. ಸುಮಾರು 17,000 ಎಕರೆ ಸುಟ್ಟಿತು. ಬೆಂಕಿ ಆರಿಸಲು ಹೋದ ಒಂದು ತಂಡ ಸುತ್ತ ಉರಿ ಬಂದಾಗ ಕಲ್ಲುಬಂಡೆ ಜರಿದ ಜಾಗದಲ್ಲಿ ಮುಖ ಕೆಳಗೆ ಮಾಡಿ ಮಲಗಿ ಜೀವ ಉಳಿಸಿಕೊಂಡಿತು. ಅಲ್ಲೇ ಸುಟ್ಟ ಮರಕ್ಕೆ ಅಂಟಿಕೊಂಡಿದ್ದ ಕರಡಿ ಮರಿ ಸಿಕ್ಕಿತು. ಪಾದಗಳೂ ಹಿಂಗಾಲೂ ಬೆಂದಿದ್ದವು. ಮೊದಲು ಇಟ್ಟ ಹೆಸರು 'ಹಾಟ್‌ಫುಟ್ ಟೆಡ್ಡಿ'. ರಾಜ್ಯದ ವನ್ಯಜೀವಿ ಇಲಾಖೆಯ ರೇ ಬೆಲ್ ಅದನ್ನು ಪುಟ್ಟ ವಿಮಾನದಲ್ಲಿ ಸಾಂಟಾ ಫೆಗೆ ಒಯ್ದು ಚಿಕಿತ್ಸೆ ಕೊಡಿಸಿ, ತಮ್ಮ ಮನೆಯಲ್ಲೇ ಸಾಕಿದರು. ಆಮೇಲೆ ವಾಷಿಂಗ್ಟನ್‌ನ ರಾಷ್ಟ್ರೀಯ ಮೃಗಾಲಯಕ್ಕೆ. ಅಲ್ಲಿ ಅದೇ 'ಸ್ಮೋಕಿ' ಆಯಿತು.

ಮಕ್ಕಳ ಪತ್ರಗಳ ಕತೆ ಕೇಳಿ. 1953ರಲ್ಲಿ ಐಡಿಯಲ್ ಟಾಯ್ ಕಂಪನಿ ಸ್ಮೋಕಿ ಬೊಂಬೆ ಮಾರಾಟಕ್ಕೆ ಬಿಟ್ಟಿತು. ಜೊತೆಗೆ ಒಂದು ಕಾರ್ಡು. ತುಂಬಿ ಕಳಿಸಿದರೆ ಮಗು 'ಕಿರಿಯ ಫಾರೆಸ್ಟ್ ರೇಂಜರ್' ಆಗುತ್ತೆ. ಎರಡು ಮೂರು ವರ್ಷದೊಳಗೆ 5 ಲಕ್ಷ ಮಕ್ಕಳು ಕಳಿಸಿದರು. ವಾರಕ್ಕೆ 13,000ದವರೆಗೂ ಪತ್ರ ಬರೋಕೆ ಶುರುವಾಗಿ, 1964ರಲ್ಲಿ ಅಂಚೆ ಇಲಾಖೆ ಕರಡಿಗೇ ಅಂತ ಪ್ರತ್ಯೇಕ ಪಿನ್ ಕೋಡ್ ಕೊಟ್ಟಿತು: 20252.

ವೇಷ ಹಾಕುವವರಿಗೂ ಕಟ್ಟುನಿಟ್ಟಿನ ನಿಯಮ ಇದೆ. ಸ್ಮೋಕಿ ವೇಷದಲ್ಲಿರುವವರು ಮಾತಾಡುವ ಹಾಗಿಲ್ಲ. ಜೊತೆಗೆ ಸಮವಸ್ತ್ರದ ಸಿಬ್ಬಂದಿ ಒಬ್ಬರು ಇರಲೇಬೇಕು. ಜನರ ಎದುರಿಗೆ ತಲೆ ತೆಗೆದಿಡುವ ಹಾಗಿಲ್ಲ. ಇಲ್ಲಿನ ಜಾತ್ರೆಯಂಥ ಕೌಂಟಿ ಫೇರ್‌ನಲ್ಲಿ ನೋಡಿದ್ದೇನೆ. ಕರಡಿ ಬರೀ ಕೈ ಬೀಸುತ್ತೆ, ಪಕ್ಕದ ರೇಂಜರ್ ಮಕ್ಕಳಿಗೆ ಎಲ್ಲ ಹೇಳುತ್ತಾರೆ.

ಕಾಡುಪಾಪ:
ಒಂದು ಮಾತು ಕೇಳಲಾ? ಆ ಮರಿ ಗುಣವಾದ ಮೇಲೆ ಕಾಡಿಗೆ ಹೋಗಲೇ ಇಲ್ಲ ಅಲ್ವಾ? 1976ರ ನವೆಂಬರ್‌ನಲ್ಲಿ ಸಾಯುವವರೆಗೆ ಬೋನಿನಲ್ಲೇ. 1962ರಲ್ಲಿ 'ಗೋಲ್ಡಿ' ಅಂತ ಹೆಣ್ಣು ಕರಡಿಯನ್ನು ತಂದು ಜೊತೆಗೆ ಬಿಟ್ಟರು, ಮರಿ ಆಗಲಿಲ್ಲ. ಹುದ್ದೆ ಖಾಲಿ ಇರಬಾರದು ಅಂತ ಇನ್ನೊಂದು ಅನಾಥ ಮರಿ ತಂದು 'ಲಿಟಲ್ ಸ್ಮೋಕಿ' ಮಾಡಿದರು. ಸತ್ತ ಮೇಲೆ ಮಾತ್ರ ಹುಟ್ಟೂರು ಕ್ಯಾಪಿಟಾನ್‌ಗೆ ಒಯ್ದು ಮಣ್ಣು ಮಾಡಿದರು. ಕಾಡಿನ ಪ್ರಾಣಿಗಳ ಹೆಸರಿನಲ್ಲಿ ಒಂದು ಪ್ರಾಣಿಯ ಇಡೀ ಬದುಕು ಕಾಂಕ್ರೀಟ್ ಮೇಲೆ ಕಳೆಯಿತು. ನನಗೆ ಇದು ಅರಗಲ್ಲ.

ಇನ್ನೊಂದು ವಿಷಯ. ಮೇಷ್ಟ್ರು ಆ ಚಿತ್ರವನ್ನು ಫ್ಲೆಕ್ಸ್‌ಗೆ ಹಾಕಿಸುವ ಯೋಚನೆ ಇದ್ದರೆ ಬಿಡಿ. 1952ರಲ್ಲಿ ಅಮೆರಿಕದ ಸಂಸತ್ತು ಈ ಕರಡಿಗಾಗಿಯೇ ಕಾಯ್ದೆ ಮಾಡಿದೆ. ಚಿತ್ರ ಬಳಸಲು ಪರವಾನಗಿ ಬೇಕು. ಬೊಂಬೆ, ಟೀ ಶರ್ಟಿನಿಂದ ಬರುವ ದುಡ್ಡು ಬೆಂಕಿ ತಡೆಯುವ ಪ್ರಚಾರಕ್ಕೇ ಹೋಗುತ್ತೆ. 1971ರಲ್ಲಿ ಬಂದ 'ವುಡ್ಸಿ' ಗೂಬೆಗೂ ಹಾಗೇ ಕಾನೂನು ಇದೆ. ಕಸ ಎಸೆಯಬೇಡಿ ಅನ್ನೋದು ಆ ಗೂಬೆಯ ಕೆಲಸ. ನಮ್ಮೂರಲ್ಲಿ ಗೂಬೆ ಕೂರಿಸೋದು ಬೇರೆ ಕೆಲಸಕ್ಕೆ, ಬಿಡಿ.

ಯಳಂದೂರು ಕಡೆಯವ:
ಎಲ್ಲರೂ ಕರಡಿಯನ್ನು ಹೊಗಳುತ್ತಿದ್ದೀರಿ. ಅದು ಮಾಡಿದ ಎಡವಟ್ಟನ್ನೂ ಹೇಳಬೇಕು.

ಬೆಂಕಿ ಅಂದರೆ ಶತ್ರು, ಎಲ್ಲ ಬೆಂಕಿಯೂ ಕೆಟ್ಟದ್ದು ಅಂತ ಒಂದಿಡೀ ದೇಶದ ತಲೆಗೆ ತುಂಬಿದರೆ ಏನಾಗುತ್ತೆ? ಕಾಡಿನಲ್ಲಿ ತರಗೆಲೆ, ಒಣ ಕಡ್ಡಿ, ಪೊದೆ ವರ್ಷವರ್ಷ ಗುಡ್ಡೆ ಬೀಳುತ್ತೆ. ಒಂದು ದಿನ ಹತ್ತಿಕೊಂಡರೆ ತುದಿಕೊಂಬೆವರೆಗೂ ಉರಿಯುತ್ತೆ. ಅಮೆರಿಕದಲ್ಲಿ ಇದಕ್ಕೆ 'ಸ್ಮೋಕಿ ಬೇರ್ ಎಫೆಕ್ಟ್' ಅಂತಲೇ ಹೆಸರಿದೆ.

ನಮ್ಮ ಬಿಳಿಗಿರಿರಂಗನ ಬೆಟ್ಟದಲ್ಲೂ ಇದೇ ಆಯಿತು. ಅಲ್ಲಿನ ಬುಡಕಟ್ಟು ಜನ ಸೋಲಿಗರಲ್ಲಿ 'ತರಗು ಬೆಂಕಿ' ಅಂತ ಪದ್ಧತಿ ಇತ್ತು. ಬೇಸಿಗೆ ಬಲಿಯುವ ಮೊದಲೇ, ತರಗೆಲೆ ತೆಳ್ಳಗಿರುವಾಗ, ನೆಲಮಟ್ಟದಲ್ಲಿ ಬೆಂಕಿ ಕೊಡುತ್ತಿದ್ದರು. ಮೊಣಕಾಲೆತ್ತರ ಉರಿದು ಹೋಗುತ್ತಿತ್ತು. ದೊಡ್ಡ ಮರಕ್ಕೆ ಏನೂ ಆಗುತ್ತಿರಲಿಲ್ಲ. ಹುಲ್ಲು ಚಿಗುರುತ್ತಿತ್ತು. ನೆಲ್ಲಿಮರಕ್ಕೆ ಹತ್ತಿ ರಸ ಹೀರುವ ಉಪ್ಪಿಲು ಬಂದಳಿಕೆಯೂ ಹದ್ದುಬಸ್ತಿನಲ್ಲಿರುತ್ತಿತ್ತು. 1974ರಲ್ಲಿ ವನ್ಯಧಾಮ ಆಯಿತು, ಬೆಂಕಿ ಕೊಡುವುದು ಅಪರಾಧವಾಯಿತು. ಆಮೇಲೆ ಲಂಟಾನ ಅನ್ನೋ ಕಳೆ ಪೊದೆ ನುಗ್ಗಿತು. ಈಗ ಹೋಗಿ ನೋಡಿ, ಆಳೆತ್ತರದ ಲಂಟಾನದೊಳಗೆ ಜಿಂಕೆಗೂ ದಾರಿ ಇಲ್ಲ, ಜೇನು ಕೀಳಲು ಹೋಗುವ ಮನುಷ್ಯರಿಗೂ ಇಲ್ಲ. ಇಂಥ ಕಡೆ ಬೆಂಕಿ ಬಿದ್ದರೆ ಅದು ತರಗು ಬೆಂಕಿ ಅಲ್ಲ. ಲಂಟಾನ ಹೆಚ್ಚಲು ಬೆಂಕಿ ನಿಲ್ಲಿಸಿದ್ದೂ ಒಂದು ಕಾರಣ ಅಂತ ಸೋಲಿಗ ಹಿರಿಯರು ಮೊದಲಿಂದ ಹೇಳುತ್ತಿದ್ದಾರೆ. ಬೆಂಗಳೂರಿನ ಏಟ್ರೀ ಸಂಸ್ಥೆಯ ಸಂಶೋಧಕರೂ ಅವರ ಜೊತೆ ಕೂತು ಈ ಬಗ್ಗೆ ಬರೆದಿದ್ದಾರೆ.

ಮೇಷ್ಟ್ರೇ, ಆ ಕರಡಿಯನ್ನು ಹಾಗೇ ಎತ್ತಿಕೊಂಡು ಬಂದರೆ ಅದರ ಮಾತೂ ಜೊತೆಗೇ ಬರುತ್ತೆ.

ನಿವೃತ್ತ ಗಾರ್ಡ್:
ತಮ್ಮಾ, ನೀನು ಹೇಳಿದ್ದು ಸುಳ್ಳಲ್ಲ. ಆದರೆ ನಾನು ಬೇಸಿಗೆಯಲ್ಲಿ ಕಾಡು ಕಾದವನು, ನನ್ನ ಕಡೆಯದ್ದೂ ಕೇಳು.

ನಮ್ಮ ಕಾಡಿನಲ್ಲಿ ಬೆಂಕಿ ತಾನಾಗಿ ಹತ್ತುವುದು ಬಹಳ ಕಡಿಮೆ. ಹಚ್ಚುವವರು ಮನುಷ್ಯರೇ. ದನಕ್ಕೆ ಹುಲ್ಲು ಬರಲಿ ಅಂತ ಒಬ್ಬ, ಉದುರಿದ ಜಿಂಕೆ ಕೊಂಬು ಕಣ್ಣಿಗೆ ಬೀಳಲಿ ಅಂತ ಇನ್ನೊಬ್ಬ, ಇಲಾಖೆ ಮೇಲಿನ ಸಿಟ್ಟಿಗೆ ಮತ್ತೊಬ್ಬ. ರಸ್ತೆಯಲ್ಲಿ ಹೋಗುವವನು ಬೀಡಿ ಎಸೆಯುವುದು ಬೇರೆ. 2019ರ ಫೆಬ್ರವರಿಯಲ್ಲಿ ಬಂಡೀಪುರದಲ್ಲಿ ಏನಾಯಿತು ಗೊತ್ತಲ್ಲ? ಸುಮಾರು 11,000 ಎಕರೆ ಹೋಯಿತು. ಗಾಳಿ ಇತ್ತು, ಲಂಟಾನ ಒಣಗಿ ನಿಂತಿತ್ತು. ಕೊನೆಗೆ ವಾಯುಪಡೆ ಹೆಲಿಕಾಪ್ಟರ್ ಬಂದು ನೀರು ಸುರಿಯಬೇಕಾಯಿತು. (ಆ ನೀರು ತರುವ ಚೀಲದಂಥ ಬಕೆಟ್‌ಗೆ 'ಬ್ಯಾಂಬಿ ಬಕೆಟ್' ಅಂತಾರೆ. ಮೇಲೆ ಜಿಂಕೆಮರಿ ಕತೆ ಓದಿದಾಗ ನೆನಪಾಯಿತು.)

ಹೆಲಿಕಾಪ್ಟರ್ ದಿನಾ ಬರಲ್ಲ. ನಮ್ಮ ಹತ್ತಿರ ಇರುತ್ತಿದ್ದದ್ದು ಹಸಿ ಸೊಪ್ಪಿನ ಕೊಂಬೆ. ಉರಿ ಬರುವ ಕಡೆ ಪಕ್ಕದಿಂದ ಹೋಗಿ ಬಡಿಯಬೇಕು. ಎತ್ತಿ ಎತ್ತಿ ಹೊಡೆದರೆ ಕಿಡಿ ಹಾರುತ್ತೆ, ಒತ್ತಿ ಹಿಡಿದು ಎಳೆಯಬೇಕು. ಎದುರಿಗೆ ಗಾಳಿ ತಿರುಗಿದರೆ ಕೊಂಬೆ ಬಿಸಾಕಿ ಓಡಬೇಕು. ಹುಬ್ಬು, ರೆಪ್ಪೆ ಸುಟ್ಟುಕೊಳ್ಳದ ವಾಚರ್ ಯಾರೂ ಇಲ್ಲ. ಅಂಥ ಕಡೆ ನಿಂತು 'ಕೆಲವು ಬೆಂಕಿ ಒಳ್ಳೆಯದು' ಅಂತ ಬೋರ್ಡ್ ಹಾಕು ಅಂದರೆ ಹೇಗೆ ಹಾಕಲಿ? ಓದಿದವನು 'ಒಳ್ಳೆಯದು' ಅನ್ನೋದನ್ನ ಮಾತ್ರ ಇಟ್ಟುಕೊಳ್ಳುತ್ತಾನೆ.

ಕ್ಯಾಲಿಫೋರ್ನಿಯಾ ಕನ್ನಡಿಗ:
ಗಾರ್ಡ್ ಸಾಹೇಬರ ಈ ಕೊನೆಯ ಸಾಲಿನ ಮೇಲೇ ಇಲ್ಲಿ ಹತ್ತಾರು ವರ್ಷ ಜಗಳ ನಡೆದಿದೆ.

ಮೊದಲು ಕರಡಿ ಪರ ಒಂದು ಮಾತು. ಎಲ್ಲ ಬೆಂಕಿ ಆರಿಸಬೇಕು ಅನ್ನೋದು ಕರಡಿ ಹುಟ್ಟುವ ಮೊದಲೇ ಇದ್ದ ಹಠ. 1910ರಲ್ಲಿ ಇಡಾಹೋ, ಮೊಂಟಾನಾ ಕಡೆ ಎರಡೇ ದಿನದಲ್ಲಿ 30 ಲಕ್ಷ ಎಕರೆ ಸುಟ್ಟಿತ್ತು. ಆ ಭಯ ಅರಣ್ಯ ಸೇವೆಯವರ ಮನಸ್ಸಿನಲ್ಲಿ ಕೂತುಬಿಟ್ಟಿತ್ತು. 1935ರಲ್ಲಿ ನಿಯಮವೇ ಮಾಡಿದರು: ಬೆಂಕಿ ಎಲ್ಲೇ ಕಾಣಲಿ, ಮರುದಿನ ಬೆಳಿಗ್ಗೆ 10 ಗಂಟೆಯೊಳಗೆ ಹತೋಟಿಗೆ ಬರಬೇಕು. ಕರಡಿ ಆ ನಿಯಮಕ್ಕೆ ಸಿಕ್ಕಿದ ಮುದ್ದು ಮುಖ, ಅಷ್ಟೇ.

ಪೆಟ್ಟು ಮೊದಲು ಕಂಡದ್ದು ಸೆಕೋಯಾ ಮರಗಳಲ್ಲಿ. ಸಾವಿರಾರು ವರ್ಷ ಬದುಕುವ ದೈತ್ಯ ಮರಗಳು ಇವು. 1960ರ ದಶಕದಲ್ಲಿ ನೋಡಿದರೆ ಕೆಳಗೆ ಸಸಿಗಳೇ ಇಲ್ಲ. ಆ ಮರದ ಕಾಯಿ ಬೆಂಕಿಯ ಬಿಸಿಗೆ ಒಣಗಿ ಬಿರಿದು ಬೀಜ ಉದುರಿಸುತ್ತೆ, ತರಗೆಲೆ ಸುಟ್ಟ ಬರಿ ಮಣ್ಣಿನಲ್ಲಿ ಮೊಳಕೆ ಒಡೆಯುತ್ತೆ. ಕಾಯುವ ಹೆಸರಿನಲ್ಲಿ ಮೊಳಕೆ ನಿಲ್ಲಿಸಿದ್ದೆವು! 1968ರಿಂದ ಸೆಕೋಯಾ ಮತ್ತು ಕಿಂಗ್ಸ್ ಕ್ಯಾನಿಯನ್ ಪಾರ್ಕ್‌ನವರು ತಾವೇ ಲೆಕ್ಕ ಹಾಕಿ ಬೆಂಕಿ ಕೊಡಲು ಶುರು ಮಾಡಿದರು. ಕರಡಿ ಮಾತ್ರ ಹಳೇ ಪಾಠ ಬಿಡಲಿಲ್ಲ. 2001ರಲ್ಲಿ ಘೋಷಣೆಯ ಒಂದೇ ಒಂದು ಪದ ಬದಲಾಯಿತು. 'ಫಾರೆಸ್ಟ್ ಫೈರ್' ಹೋಗಿ 'ವೈಲ್ಡ್‌ಫೈರ್' ಬಂತು. ಬೇಕೆಂದೇ ಕೊಡುವ ಬೆಂಕಿ ಬೇರೆ, ಕೈಮೀರಿದ ಬೆಂಕಿ ಬೇರೆ ಅಂತ ತೋರಿಸೋಕೆ. ಆ ವ್ಯತ್ಯಾಸ ಎಷ್ಟು ಜನರಿಗೆ ಗೊತ್ತಾಯಿತೋ ದೇವರೇ ಬಲ್ಲ.

ಇನ್ನೊಂದು ಕರಾಳ ಸಂಗತಿ. ವಿಯೆಟ್ನಾಂನಲ್ಲಿ 1962ರಿಂದ 1971ರವರೆಗೆ ಅಮೆರಿಕದ ವಾಯುಪಡೆ ಏಜೆಂಟ್ ಆರೆಂಜ್‌ನಂಥ ವಿಷ ಸಿಂಪಡಿಸಿ ಕಾಡು ಒಣಗಿಸಿತಲ್ಲ, ಆ 'ರ‍್ಯಾಂಚ್ ಹ್ಯಾಂಡ್' ಸಿಬ್ಬಂದಿ ಸ್ಮೋಕಿ ಸಾಲನ್ನೇ ತಿರುಚಿ ತಮ್ಮ ಘೋಷಣೆ ಮಾಡಿಕೊಂಡಿದ್ದರು: 'ಕಾಡು ಬೆಳೆಯದಂತೆ ತಡೆಯಲು ನಿಮ್ಮಿಂದ ಮಾತ್ರ ಸಾಧ್ಯ'. ಅಷ್ಟು ಬಾಯಿಪಾಠ ಆಗಿತ್ತು ಆ ಸಾಲು.

ಉಡುಪಿ ಪಿಲಿ:
ಅಬ್ಬಾ. ಇದನ್ನು ಓದಿ ಜೋಕು ಬರಲ್ಲ.

ಆದ್ರೂ ಉಪಯೋಗ ಆಯ್ತಾ ಅನ್ನೋ ಮೇಷ್ಟ್ರ ಪ್ರಶ್ನೆಗೆ ಯಾರಾದರೂ ಲೆಕ್ಕ ಕೊಡಿ.

ಹಳೇಪೋಸ್ಟರ್:
ಪ್ರಚಾರ ನಡೆಸುವ ಆಡ್ ಕೌನ್ಸಿಲ್‌ನವರ ಲೆಕ್ಕ ಹೀಗಿದೆ: 1944ರಲ್ಲಿ ವರ್ಷಕ್ಕೆ 2.2 ಕೋಟಿ ಎಕರೆ ಸುಡುತ್ತಿತ್ತು, 2011ರ ಹೊತ್ತಿಗೆ ಸರಾಸರಿ 67 ಲಕ್ಷ ಎಕರೆ. ಕೇಳೋಕೆ ಚೆನ್ನಾಗಿದೆ. ಆದರೆ ಹಳೆಯ ಲೆಕ್ಕದಲ್ಲಿ ದಕ್ಷಿಣದ ರೈತರು ಬೇಕೆಂದೇ ಕೊಡುತ್ತಿದ್ದ ಬೆಂಕಿಯೂ ಸೇರಿದೆ. ಈ ನಡುವೆ ರಸ್ತೆ, ವಿಮಾನ, ವೈರ್‌ಲೆಸ್ ಎಲ್ಲ ಬಂದವು. ಎಲ್ಲವನ್ನೂ ಕರಡಿ ಖಾತೆಗೆ ಹಾಕೋದು ಜಾಸ್ತಿಯಾಯಿತು. ಕ್ಯಾಂಪಿಗೆ ಹೋದವನು ಬೆಂಕಿಗೆ ನೀರು ಹಾಕಿ ಬರುವ ಅಭ್ಯಾಸ ಕಲಿತ, ಅದಂತೂ ನಿಜ. ಕೇಳಿದ್ದು ಸಣ್ಣ ಕೆಲಸ, ಮಾಡಬಲ್ಲವನಿಗೇ ಕೇಳಿದ್ದು. ಕರಡಿಯ ಜಾಣತನ ಇರುವುದು ಅಲ್ಲಿ.

ಬೇರೆ ದೇಶಗಳಲ್ಲೂ ಮರಿ ಸ್ಮೋಕಿಗಳಿವೆ. ಚಿಲಿ ದೇಶದ ಅರಣ್ಯ ಇಲಾಖೆಗೆ 'ಫೊರೆಸ್ತಿನ್' ಅಂತ ಕೊಯ್ಪು, ಅಂದರೆ ನೀರಲ್ಲಿರುವ ದೊಡ್ಡ ಇಲಿಯಂಥ ಪ್ರಾಣಿ. ಇಂಡೊನೇಷ್ಯಾಕ್ಕೆ 'ಸಿ ಪೊಂಗಿ' ಅನ್ನೋ ಒರಾಂಗುಟಾನ್. ಅಲ್ಲಿನ ಸರ್ಕಾರ ಕಾಡ್ಗಿಚ್ಚು ಗಮನಿಸುವ ಜಾಲತಾಣಕ್ಕೂ ಅದೇ ಹೆಸರು.

ಕಾಡುಪಾಪ:
ನನಗೆ ಕರಡಿಗಿಂತ ಗಿಳಿ ಕತೆ ಇಷ್ಟ. ಕೆರಿಬಿಯನ್‌ನ ಸೇಂಟ್ ಲೂಸಿಯಾ ದ್ವೀಪದಲ್ಲಿ ಮಾತ್ರ ಇರುವ ಒಂದು ಗಿಳಿ ಇದೆ, ಅಲ್ಲಿನವರು 'ಜಾಕೋ' ಅಂತಾರೆ. ನೀಲಿ ಮುಖ, ಎದೆ ಮೇಲೆ ಕೆಂಪು. 1970ರ ದಶಕದಲ್ಲಿ ಸುಮಾರು ನೂರು ಉಳಿದಿದ್ದವು. ಜನ ಬೇಟೆಯಾಡುತ್ತಿದ್ದರು, ಮರಿ ಹಿಡಿದು ಮಾರುತ್ತಿದ್ದರು. ಪಾಲ್ ಬಟ್ಲರ್ ಅಂತ ಇಂಗ್ಲೆಂಡಿನ ಯುವಕ ಅಲ್ಲಿನ ಅರಣ್ಯ ಇಲಾಖೆ ಜೊತೆ ಸೇರಿ ಒಂದು ಕೆಲಸ ಮಾಡಿದರು. ಗಿಳಿ ಸಾಯುತ್ತಿದೆ ಅಂತ ಅಳಲಿಲ್ಲ. ಇದು ನಿಮ್ಮಲ್ಲಿ ಮಾತ್ರ ಇದೆ, ಪ್ರಪಂಚದಲ್ಲಿ ಬೇರೆ ಯಾರಿಗೂ ಇಲ್ಲ ಅಂತ ಹೇಳುತ್ತಾ ಹೋದರು. ಗಿಳಿ ವೇಷ ಹಾಕಿ ಶಾಲೆಗೆ ಹೋದರು. ಹಾಡು ಕಟ್ಟಿಸಿದರು. ಚರ್ಚಿನ ಪಾದ್ರಿಗಳ ಬಾಯಲ್ಲೂ ಹೇಳಿಸಿದರು. 1979ರಲ್ಲಿ ದೇಶ ಸ್ವತಂತ್ರವಾದಾಗ ಅದೇ ರಾಷ್ಟ್ರಪಕ್ಷಿ. ಈಗ ಗಿಳಿಗಳ ಸಂಖ್ಯೆ ಸಾವಿರ ದಾಟಿದೆ. ಆಮೇಲೆ 'ರೇರ್' ಅನ್ನೋ ಸಂಸ್ಥೆ ಈ ವಿಧಾನವನ್ನೇ ಹತ್ತಾರು ದೇಶಗಳಿಗೆ ಒಯ್ದಿತು. ಒಂದೊಂದು ಊರಿಗೆ ಒಂದೊಂದು ಪ್ರಾಣಿ.

ಡಬ್ಲ್ಯುಡಬ್ಲ್ಯುಎಫ್ ಅನ್ನೋ ಅಂತರರಾಷ್ಟ್ರೀಯ ವನ್ಯಜೀವಿ ಸಂಸ್ಥೆಯ ಪಾಂಡಾ ಇದಕ್ಕೆ ತದ್ವಿರುದ್ಧ. 1961ರಲ್ಲಿ ಲಂಡನ್ ಮೃಗಾಲಯದ 'ಚಿ ಚಿ' ನೋಡಿ ಬಿಡಿಸಿದ್ದು. ಮುದ್ದಾಗಿದೆ, ಅಪರೂಪದ್ದು, ಅದರ ಮೇಲೆ ಕಪ್ಪು ಬಿಳುಪು ಆದ್ದರಿಂದ ಅಚ್ಚು ಹಾಕೋ ಖರ್ಚೂ ಕಡಿಮೆ! ಇಡೀ ಜಗತ್ತಿನದು, ಆದರೆ ಯಾವ ಊರಿನದೂ ಅಲ್ಲ.

ಹುಣಸೂರು ಮೇಷ್ಟ್ರು:
ಇಷ್ಟು ಸಿಗುತ್ತೆ ಅಂತ ಅಂದುಕೊಂಡಿರಲಿಲ್ಲ. ನಮ್ಮ ದೇಶದಲ್ಲಿ?

ಹಳೇಪೋಸ್ಟರ್:
ಬರ್ತಾವೆ, ಹೋಗ್ತಾವೆ. 2010ರಲ್ಲಿ ಟಿವಿ ತುಂಬ 'ಬರೀ 1411 ಉಳಿದಿವೆ' ಅಂತ ಜಾಹೀರಾತು ಬರುತ್ತಿತ್ತು, ನೆನಪಿದೆಯಾ? ಮೊಬೈಲ್ ಕಂಪನಿ ಏರ್‌ಸೆಲ್ ಮತ್ತು ಡಬ್ಲ್ಯುಡಬ್ಲ್ಯುಎಫ್‌ನವರದ್ದು. ಅಮ್ಮನಿಗೆ ಕಾಯುವ 'ಸ್ಟ್ರೈಪಿ' ಹುಲಿಮರಿ. ಹುಲಿ ಉಳಿದವು, ಏರ್‌ಸೆಲ್ ಮುಚ್ಚಿಹೋಯಿತು. ಆನೆಯನ್ನು 2010ರಲ್ಲಿ ರಾಷ್ಟ್ರೀಯ ಪರಂಪರೆಯ ಪ್ರಾಣಿ ಅಂತ ಘೋಷಿಸಿ, 2011ರ ಅಭಿಯಾನಕ್ಕೆ 'ಗಜು' ಅನ್ನೋ ಆನೆಮರಿ ಮಾಡಿದರು. 2020ರ ಫೆಬ್ರವರಿಯಲ್ಲಿ ಗಾಂಧಿನಗರದಲ್ಲಿ ವಲಸೆ ಪ್ರಾಣಿಗಳ ಅಂತರರಾಷ್ಟ್ರೀಯ ಸಮ್ಮೇಳನಕ್ಕೆ 'ಗಿಬಿ'. ಅದು ಗ್ರೇಟ್ ಇಂಡಿಯನ್ ಬಸ್ಟರ್ಡ್, ನಮ್ಮ ಬಯಲುಸೀಮೆಯ ಎರೆಭೂತ. ದೇಶದಲ್ಲಿ 150 ಕೂಡ ಇಲ್ಲ ಅನ್ನೋ ಹಕ್ಕಿ. ನಮ್ಮ ಬಳ್ಳಾರಿ ಜಿಲ್ಲೆ ಸಿರುಗುಪ್ಪ ಹೊಲಗಳಲ್ಲಿ ಬೆರಳೆಣಿಕೆಯಷ್ಟು ಇವೆ. ಗಿಬಿ ಚಿತ್ರ ಸಿರುಗುಪ್ಪದ ಒಂದು ಗೋಡೆ ಮೇಲಾದರೂ ಬಂದಿದ್ದರೆ ಸಂತೋಷ ಪಡುತ್ತಿದ್ದೆ.

ಬ್ರಹ್ಮಪುತ್ರ ದಡದಿಂದ:
ನಾನು ಕೆಲಸದ ಮೇಲೆ ಗುವಾಹಟಿಯಲ್ಲಿದ್ದೇನೆ. ಇಲ್ಲಿನ 'ಹರ್ಗಿಲಾ' ಬಗ್ಗೆ ಹೇಳಲೇಬೇಕು. ದೊಡ್ಡ ಕೊಕ್ಕರೆ. ಬೋಳು ತಲೆ, ಕತ್ತಿಗೆ ಜೋತಾಡುವ ಚೀಲ, ತಿನ್ನೋದು ಕೊಳೆತದ್ದು. ಮುದ್ದು ಅನ್ನಲು ಏನೂ ಇಲ್ಲ. ಗೂಡಿನ ಗಲೀಜು ತಡೆಯಲಾರದೆ ಜನ ಮರವನ್ನೇ ಕಡಿಯುತ್ತಿದ್ದರು. ಪೂರ್ಣಿಮಾ ದೇವಿ ಬರ್ಮನ್ ಅವರು 2007ರಿಂದ ದಾದರಾ ಊರಿನಲ್ಲಿ ಹೆಂಗಸರನ್ನು ಸೇರಿಸಿದರು. ಬಸುರಿಗೆ ಸೀಮಂತ ಮಾಡುವಂತೆ ಗೂಡು ಕಟ್ಟಿದ ಹಕ್ಕಿಗೆ ಶಾಸ್ತ್ರ ಮಾಡಿದರು. ಮಗ್ಗದಲ್ಲಿ ಗಮೋಸಾ (ಇಲ್ಲಿನ ಅಂಗವಸ್ತ್ರ), ಸೀರೆ ಮೇಲೆ ಹರ್ಗಿಲಾ ನೇಯ್ದರು. ತಲೆಗೆ ಹಕ್ಕಿಯ ಮುಖವಾಡ ಕಟ್ಟಿಕೊಂಡು ಮೆರವಣಿಗೆ ಹೋಗುತ್ತಾರೆ. 'ಹರ್ಗಿಲಾ ಸೇನೆ'ಯಲ್ಲಿ ಈಗ 10,000ಕ್ಕೂ ಹೆಚ್ಚು ಹೆಂಗಸರಿದ್ದಾರೆ. ಈ ಭಾಗದ ಹಳ್ಳಿಗಳಲ್ಲಿ 28 ಇದ್ದ ಗೂಡುಗಳು 250 ದಾಟಿದವು. ಬರ್ಮನ್ ಅವರಿಗೆ 2022ರಲ್ಲಿ ವಿಶ್ವಸಂಸ್ಥೆಯ ಪರಿಸರ ಪ್ರಶಸ್ತಿಯೂ ಬಂತು. ಚಿತ್ರಕಾರ, ಜಾಹೀರಾತು ಕಂಪನಿ ಯಾರೂ ಇಲ್ಲ. ಮಗ್ಗ ಸಾಕಾಯಿತು.

ಉಡುಪಿ ಪಿಲಿ:
ಅಕ್ಕಾ, ಸೂಪರ್. ಕೊಕ್ಕರೆಬೆಳ್ಳೂರಿನವರೂ ಹಾಗೇ ಅಲ್ವಾ? ಮನೆ ಹಿತ್ತಲಿನ ಹುಣಸೆಮರದಲ್ಲಿ ಹೆಜ್ಜಾರ್ಲೆ (ಪೆಲಿಕನ್ ಹಕ್ಕಿ) ಗೂಡು ಕಟ್ಟಿದರೆ ಮಗಳು ಬಾಣಂತನಕ್ಕೆ ತವರಿಗೆ ಬಂದ ಹಾಗೆ ಅಂತಾರೆ. ಅವರಿಗೆ ಮ್ಯಾಸ್ಕಾಟ್ ಕೊಡೋಕೆ ಹೊರಗಿನವರು ಬೇಕಿಲ್ಲ.

ವೇಷದ ವಿಷಯಕ್ಕೆ ಬಂದರೆ, ನಮ್ಮ ಕಡೆ ಹುಲಿವೇಷದವರು ಬರೀ ಮೈಗೆ ಬಣ್ಣ ಬಳಿದುಕೊಂಡು ಕುಣಿಯುತ್ತಾರೆ. ಸೆಖೆಗೆ ಅದೇ ಸರಿ. ಒಂದು ಸಂಸ್ಥೆಯ ಪರಿಸರ ದಿನದ ಕಾರ್ಯಕ್ರಮದಲ್ಲಿ ನನಗೆ ಸ್ಪಂಜು ತುಂಬಿದ ಹುಲಿ ಡ್ರೆಸ್ ಹಾಕಿಸಿದ್ದರು. ಮಂತ್ರಿಗಳು ಬರುವವರೆಗೆ ತಲೆ ತೆಗೀಬೇಡ ಅಂದರು. ಮಂತ್ರಿಗಳು ಬರಲೇ ಇಲ್ಲ. ಹುಲಿ ಬವಳಿ ಬಂದು ಕುರ್ಚಿ ಮೇಲೆ ಬಿತ್ತು. ಮಕ್ಕಳು ಚಪ್ಪಾಳೆ ಹೊಡೆದರು, ಅದೂ ಆಕ್ಟಿಂಗ್ ಅಂದುಕೊಂಡು.

ಹುಣಸೂರು ಮೇಷ್ಟ್ರು:
😄 ಪಿಲಿಯವರೇ!
ಸರಿ, ಈಗ ನೇರ ಪ್ರಶ್ನೆ. ನಮ್ಮ ಕಾಡಂಚಿಗೆ ಒಂದು ಪಾತ್ರ ಮಾಡಿದರೆ ಯಾವ ಪ್ರಾಣಿ? ಮಕ್ಕಳು ಆನೆ ಅಂತಾರೆ. ರಾಜ್ಯ ಪ್ರಾಣಿಯೂ ಅದೇ.

ನಿವೃತ್ತ ಗಾರ್ಡ್:
ಆನೆ ಬೇಡ ಮೇಷ್ಟ್ರೇ. ರಾತ್ರಿ ಆನೆ ಬಂದು ರಾಗಿ ತುಳಿದು ಹೋದ ಹೊಲದವನ ಮುಂದೆ ಬೆಳಿಗ್ಗೆ ನಗುವ ಆನೆ ಬೊಂಬೆ ಹಿಡಿದು ನಿಂತರೆ ಏನಾಗುತ್ತೆ? ಸಕಲೇಶಪುರ, ಕೊಡಗು ಕಡೆ ಆನೆ ತುಳಿತಕ್ಕೆ ಜನ ಸತ್ತ ಮನೆಗಳಿವೆ. ಹುಲಿಯೂ ಬೇಡ, ದನ ಕಳೆದುಕೊಂಡವರಿದ್ದಾರೆ. ಪಟ್ಟಣದವರಿಗೆ ಅವು ಮುದ್ದು, ಊರವರಿಗಲ್ಲ. ಯಾರಿಗೂ ತೊಂದರೆ ಕೊಡದ, ಬೆಂಕಿಗೆ ಮೊದಲು ಬಲಿಯಾಗುವ ಪ್ರಾಣಿ ನೋಡಿ. ನೆಲದ ಮೇಲೆ ಮೊಟ್ಟೆ ಇಡುವ ಹಕ್ಕಿಗಳಿವೆ, ಆಮೆ ಇದೆ. ಕಾಡುಕೋಳಿ ಆದರೆ ಎಲ್ಲರಿಗೂ ಗೊತ್ತು. ಫೆಬ್ರವರಿ, ಮಾರ್ಚ್‌ನಲ್ಲಿ ಕಾವಿಗೆ ಕೂತಿರುತ್ತೆ, ಬೆಂಕಿ ಬರೋದೂ ಆಗಲೇ.

ಕಾಡುಪಾಪ:
ಕಾಡುಕೋಳಿ! ಒಪ್ಪಿದೆ. ಬೆಂಗಳೂರಿಗೆ ಮಾತ್ರ ಕಾಡುಪಾಪವನ್ನೇ ಮಾಡಬೇಕು, ಅದರಲ್ಲಿ ರಾಜಿ ಇಲ್ಲ.

ಯಳಂದೂರು ಕಡೆಯವ:
ಕೋಳಿ ಸರಿ, ಅದು ಏನು ಹೇಳಬೇಕು ಅನ್ನೋದು ಇತ್ಯರ್ಥ ಆಗಿಲ್ಲ. ಬೊಂಬೆ ಬಾಯಲ್ಲಿ ಒಂದೇ ಮಾತು ಹಿಡಿಸುತ್ತೆ ಅಂತ ಎಲ್ಲರೂ ಒಪ್ಪಿಬಿಟ್ಟಿದ್ದೀರಿ. 1983ರಲ್ಲಿ ಶಿರಸಿ ತಾಲ್ಲೂಕಿನ ಸಲ್ಕಣಿಯಲ್ಲಿ ಜನ ಮರ ಅಪ್ಪಿಕೊಂಡು ಅಪ್ಪಿಕೋ ಚಳವಳಿ ಶುರು ಮಾಡಿದಾಗ ಅವರ ಘೋಷಣೆ ಏನಿತ್ತು? 'ಉಳಿಸು, ಬೆಳೆಸು, ಬಳಸು'. ಮೂರೇ ಪದ. 'ಬಳಸು' ಅನ್ನೋದನ್ನೂ ಬಿಡಲಿಲ್ಲ. ಪಾದಯಾತ್ರೆ, ಸ್ಲೈಡ್ ಶೋ, ಬೀದಿನಾಟಕ ಮಾಡಿ ಊರೂರಿಗೆ ಮುಟ್ಟಿಸಿದರು. ಯಾರೂ ಗೊಂದಲ ಮಾಡಿಕೊಳ್ಳಲಿಲ್ಲ. ಜನಕ್ಕೆ ಅರ್ಥ ಆಗಲ್ಲ ಅಂತ ನಾವೇ ತೀರ್ಮಾನ ಮಾಡೋದು ಯಾಕೆ?

ನಿವೃತ್ತ ಗಾರ್ಡ್:
ಅದು ತಮ್ಮ ಕಾಡಿನ ಬಗ್ಗೆ ತಾವೇ ಆಡಿದ ಮಾತು. ಬೋರ್ಡ್ ಓದುವವನು ಊಟಿಗೆ ಹೋಗುವ ಕಾರಿನವನು. ಇಬ್ಬರಿಗೂ ಒಂದೇ ಮಾತು ಹೇಳಲು ಆಗಲ್ಲ.

ಯಳಂದೂರು ಕಡೆಯವ:
ಹಾಗಾದರೆ ಎರಡು ಮಾತು ಇರಲಿ ಸಾರ್. ಕಾರಿನವನಿಗೆ: ಗಾಡಿ ನಿಲ್ಲಿಸಬೇಡ, ಬೀಡಿ ಸಿಗರೇಟು ಎಸೆಯಬೇಡ, ಹೊಗೆ ಕಂಡರೆ ಚೆಕ್‌ಪೋಸ್ಟ್‌ನಲ್ಲಿ ಹೇಳು. ಕೋಳಿ ಇದನ್ನು ಹೇಳಲಿ. ಪೋಡಿನ, ಅಂದರೆ ಸೋಲಿಗರ ಹಾಡಿಯ, ಹಿರಿಯರಿಗೆ ಬೊಂಬೆ ಬೇಕಿಲ್ಲ, ಅವರ ಮಾತನ್ನು ಕೇಳುವವರು ಬೇಕು. 2011ರಲ್ಲಿ ಬಿಳಿಗಿರಿರಂಗನ ಬೆಟ್ಟದ ಸೋಲಿಗರಿಗೆ ಅರಣ್ಯ ಹಕ್ಕು ಕಾಯ್ದೆಯಲ್ಲಿ ಸಮುದಾಯದ ಹಕ್ಕುಪತ್ರ ಸಿಕ್ಕಿತು. ಹುಲಿ ಸಂರಕ್ಷಿತ ಪ್ರದೇಶದಲ್ಲಿ ಹಾಗೆ ಸಿಕ್ಕಿದ್ದು ದೇಶದಲ್ಲೇ ಮೊದಲು. ಜೇನು, ನೆಲ್ಲಿಕಾಯಿ ತೆಗೆಯಬಹುದು. ತರಗು ಬೆಂಕಿ ಮಾತ್ರ ಇನ್ನೂ ಬಾಯಲ್ಲೇ ಇದೆ.

ನಿವೃತ್ತ ಗಾರ್ಡ್:
ಡಿಸೆಂಬರ್, ಜನವರಿಯಲ್ಲಿ ಫೈರ್‌ಲೈನ್, ಅಂದರೆ ಬೆಂಕಿ ದಾಟದಂತೆ ಬಯಲು ಪಟ್ಟಿ, ಮಾಡುವಾಗ ಇಲಾಖೆಯೇ ರಸ್ತೆ ಪಕ್ಕದ ಹುಲ್ಲು, ಲಂಟಾನ ಸವರಿ, ಒಣಗಿಸಿ ಬೆಂಕಿ ಕೊಡುತ್ತೆ. ಕಾಡಿನೊಳಗೆ ಯಾರಿಗೂ ಅನುಮತಿ ಇಲ್ಲ ಅನ್ನೋದು ನಿಜ. ಆದರೆ ಆ ಫೈರ್‌ಲೈನ್ ಕೆಲಸಕ್ಕೆ ದಿನಗೂಲಿ ಮೇಲೆ ಬರುತ್ತಿದ್ದವರು ಯಾರು? ಪೋಡಿನವರೇ. ಯಾವ ಹೊತ್ತಿಗೆ ಕೊಡಬೇಕು, ಇಬ್ಬನಿ ಎಷ್ಟಿರಬೇಕು, ಗಾಳಿ ಯಾವ ಕಡೆ ಅಂತ ನಾನು ಕಲಿತದ್ದೂ ಅವರ ಹತ್ತಿರವೇ. ಟ್ರೈನಿಂಗ್‌ನಲ್ಲಿ ಇದನ್ನು ಹೇಳಿಕೊಡಲಿಲ್ಲ. ಮೇಷ್ಟ್ರೇ, ಡಿಸೆಂಬರ್‌ನಲ್ಲಿ ನಿಮ್ಮ ಮಕ್ಕಳನ್ನು ಒಂದು ದಿನ ಫೈರ್‌ಲೈನ್ ಕೆಲಸ ನೋಡಲು ಕರೆದುಕೊಂಡು ಬರುವುದಾದರೆ ಮುಂಚೆಯೇ ರೇಂಜ್ ಆಫೀಸಿಗೆ ಅರ್ಜಿ ಕೊಡಿ. ಬೆಳಿಗ್ಗೆ 7 ಗಂಟೆಗೆ ಬನ್ನಿ. 10ರ ಮೇಲೆ ಬೆಂಕಿ ಕೊಡಲ್ಲ.